ಗುರಣ್ಣ ಮಾಡಿಕೊಟ್ಟ ಡಬ್ಬಿಗಳು

ಪುಣೆ, ಬಿಬವೇವಾಡಿ
೧೪ ಸೆಪ್ಟೆಂಬರ್ ೧೯೮೩, ಬುಧವಾರ

ಚಿರಂಜೀವಿ ಗುರಣ್ಣನಿಗೆ,

ನಿನ್ನ ಅಪ್ಪ ಶಂಕ್ರೆಪ್ಪ ಮನೆಯ ಹೊಸ್ತಿಲಲ್ಲಿ ಕುಳಿತು ಬರೆಯುವ ಕಾಗದ. ನಿನ್ನ ಮೈ ಹೇಗಿದೆ? ಮಳೆಗಾಲ ಬಂದರೆ ನಿನಗೆ ಎದೆ ಕಟ್ಟುವ ಕೆಮ್ಮು ಬರುತ್ತಿತ್ತು, ಈ ವರ್ಷವೂ ಬಂತೇ? ಅಲ್ಲಿ ಬರೀ ನೆಲದ ಮೇಲೆ ಮಲಗಬೇಕೆಂದು ಕೇಳಿದ್ದೇನೆ. ಹಾಸಿದ್ದು ತಂಪಾಗಿದ್ದರೆ ಮೇಲಿನವರಿಗೆ ಹೇಳಿಕೊಳ್ಳುವುದಕ್ಕೆ ಸಂಕೋಚಪಡಬೇಡ, ಕೆಮ್ಮಿಗೆ ಔಷಧಿ ಕೇಳಿದರೆ ಕೊಡುತ್ತಾರಂತೆ. ನಾನು ಯೆರವಡೆ ಜೈಲಿಗೆ ಬಂದಾಗಲೆಲ್ಲ ಗೇಟಿನ ಹತ್ತಿರ ಸಿಗುವ ಸಿಪಾಯಿ ಮಲಕಪ್ಪ ನಮ್ಮ ಸಿಂದಗಿ ಕಡೆಯವನು. ನಿನ್ನ ಸುದ್ದಿ ನನಗೆ ಸಿಗುವುದು ಅವನ ಬಾಯಿಂದಲೇ. "ಊಟ ಮಾಡ್ತಾನ್ರಿ ಕಾಕಾ, ಮಗ್ಗದ ಮ್ಯಾಲ ಚಲೋ ಕೆಲಸ ಮಾಡ್ತಾನ. ಆದ್ರ ಕಿಟಕಿಗಿ ಬಾ ಅಂದ್ರ ಒಲ್ಲೆ ಅಂತಾನ್ರಿ," ಎಂದು ಪ್ರತಿ ಸಲವೂ ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಹೇಳುತ್ತಾನೆ. ನಾನು ಭೇಟಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು ತಿರುಗಿ ಬರುತ್ತೇನೆ. ಅದಕ್ಕೇ ಈ ಕಾಗದ. ಇದನ್ನು ಮೊದಲು ಅಲ್ಲಿಯ ಸಾಹೇಬರು ನೋಡುತ್ತಾರಂತೆ, ಅವರಿಗೆ ಕನ್ನಡ ಬಾರದ್ದರಿಂದ ಮಲಕಪ್ಪನಿಂದಲೇ ಓದಿಸಿ ಅರ್ಥ ಕೇಳುತ್ತಾರಂತೆ. ಹಾಗಾಗಿ ಮಲಕಪ್ಪಾ, ನಿನಗೂ ನನ್ನ ಆಶೀರ್ವಾದ. ಮುಂದಿನದೆಲ್ಲ ಮನೆಯ ಮಾತು, ಸಾವಕಾಶವಾಗಿ ಓದಿ ಹೇಳಪ್ಪ.

ನಾವು ಇದ್ದೇವೆ. ನನ್ನ ಕೆಲಸ ನಡೆದಿದೆ. ಬಿಬವೇವಾಡಿಯಲ್ಲಿ ಈಗ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದೆ. ನಾವು ಈ ಊರಿಗೆ ಬಂದಾಗ ಇಲ್ಲಿ ಹೊಲ ಇದ್ದವು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಮೊನ್ನೆ ಒಂದು ದೊಡ್ಡ ಹಾಲ್‌ಗೆ ಸಿಮೆಂಟಿನ ಗಿಲಾವು ಮಾಡಿ ಮುಗಿಸಿದೆವು. ಬಾಗಿಲು ಕಿಟಕಿ ಇನ್ನೂ ಕೂಡಿಸಿಲ್ಲ. ನಾನು ಸುಮ್ಮನೆ ಕೆಮ್ಮಿದರೆ ಆ ಕೆಮ್ಮು ಗೋಡೆಯಿಂದ ಗೋಡೆಗೆ ಓಡಾಡಿ ತಡವಾಗಿ ನನ್ನ ಹತ್ತಿರ ಬಂತು. ಆಗ ನಿನ್ನ ನೆನಪಾಯಿತು. ಗಿಟಾರಿಗೆಂದು ನೀನು ಮಾಡಿದ ಡಬ್ಬಿ ಏನು ಮಾಡುತ್ತದೆ ಎಂದು ನಾನು ಕೇಳಿದಾಗ ನೀನು ರಿವರ್ಬ್ ಅಂದೆ, ಪೆಡಲ್ ಅಂದೆ, ನನಗೆ ಒಂದೂ ತಿಳಿಯಲಿಲ್ಲ. ಆಮೇಲೆ "ಅಪ್ಪಾ, ನೀ ಕಟ್ಟಿದ ಖಾಲಿ ಖೋಲಿಯಾಗ ದನಿ ಹೆಂಗ ತಿರುಗ್ತದ, ಅದನ್ನ ಇದು ಡಬ್ಬಿಯಾಗ ಮಾಡ್ತದ," ಅಂದೆ. ಅದು ನನಗೆ ತಟ್ಟನೆ ತಿಳಿಯಿತು. ನಿನ್ನ ಅವ್ವ ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದಾಳೆ. ಅಡಿಗೆ ಮಾಡುತ್ತಾಳೆ, ನೀರು ತರುತ್ತಾಳೆ, ಮಾತು ಕಡಿಮೆ. ರೇಡಿಯೋದ ಮೇಲೆ ಒಂದು ಬಟ್ಟೆ ಹೊದಿಸಿ ಇಟ್ಟಿದ್ದಾಳೆ. ನಿನ್ನ ತಮ್ಮ ಅವ್ವಣ್ಣನನ್ನು ಮಣ್ಣು ಮಾಡಿ ಬಂದ ದಿನ ಅವಳು ನಿನಗೆ ಅಂದ ಮಾತು ಓಣಿಯೆಲ್ಲ ಕೇಳಿದೆ. "ನೀ ನನ್ನ ಕಣ್ಣ ಮುಂದ ಬರಬ್ಯಾಡ," ಅಂದಳು. ನೀನು ಆ ಮಾತನ್ನು ಹಿಡಿದುಕೊಂಡೇ ಕಿಟಕಿಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಅವಳು ಅದನ್ನು ತಿರುಗಿ ತೆಗೆದುಕೊಂಡಿದ್ದಾಳೆ ಎಂದು ಬರೆದು ನಿನ್ನನ್ನು ಮೋಸ ಮಾಡಲಾರೆ. ಆದರೆ ಈ ವಾರ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆದಿದೆ, ಅದನ್ನು ಹೇಳಬೇಕು. ಅದಕ್ಕೆ ಮೊದಲು ಹಳೆಯದನ್ನು ಸ್ವಲ್ಪ ಹೇಳುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ನೀನು ಅದನ್ನೆಲ್ಲ ಪೊಲೀಸರಿಗೆ ಹೇಳಿದೆ, ಜಡ್ಜ್ ಸಾಹೇಬರಿಗೆ ಹೇಳಿದೆ. ನಾವು ಮನೆಯವರು ಒಬ್ಬರಿಗೊಬ್ಬರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ಮೊದಲ ಡಬ್ಬಿಯನ್ನು ನೀನು ಮಾಡಿದ್ದು ಕ್ಯಾಂಪ್ ಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ. ನಿನಗೆ ಗಿಟಾರ್ ಕಲಿಸಿದ ಗೋವಾದ ಮುದುಕ ಮಾಸ್ತರರ ಹತ್ತಿರ ಪರದೇಶದ ಪೆಡಲ್ ಒಂದಿತ್ತು. ಅದನ್ನು ಬಿಚ್ಚಿ ನೋಡಿ, ಜೂನಾ ಬಜಾರಿನ ಗುಜರಿಯಲ್ಲಿ ಸಣ್ಣ ಸ್ಪ್ರಿಂಗ್ ಹುಡುಕಿ ತಂದು, ತಗಡಿನ ಡಬ್ಬಿಯೊಳಗೆ ಆ ಸ್ಪ್ರಿಂಗನ್ನು ಎಳೆದು ಕಟ್ಟಿದೆ. ಮಾಡಿದ ದಿನದಿಂದ ಅದರ ಹಟಗಳು ಒಂದೇ ಎರಡೇ? ಯಾರಾದರೂ ಪಕ್ಕದಲ್ಲಿ ಜೋರಾಗಿ ನಡೆದರೆ ಒಳಗಿನ ಸ್ಪ್ರಿಂಗ್ ಅಲುಗಾಡಿ ಗುಡುಗಿನ ಸದ್ದು ಬರುತ್ತಿತ್ತು. ಮೊದಲ ಸಲ ಕೇಳಿದಾಗ ನಿನ್ನ ಅವ್ವ ಮಳೆ ಬಂತೆಂದು ಒಣಹಾಕಿದ ಶೇಂಗಾ ತೆಗೆಯಲು ಹೊರಗೆ ಓಡಿದ್ದಳು, ಅವ್ವಣ್ಣ ಬಿದ್ದು ಬಿದ್ದು ನಕ್ಕಿದ್ದ. ಅದಕ್ಕೆ ನೀವು ಅವ್ವನ ಹಳೆಯ ಕೌದಿಯನ್ನು ಮಡಚಿ ಡಬ್ಬಿಯ ಕೆಳಗೆ ಹಾಕಲು ಕಲಿತಿರಿ. ಕೌದಿ ಹಾಕಿದರೆ ಸ್ಟೇಜಿನ ಮೇಲೆ ಎಷ್ಟೇ ಕುಣಿದರೂ ಗುಡುಗಿಲ್ಲ. ಸಂಜೆಯಾದರೆ ಅದರೊಳಗಿಂದ ರೇಡಿಯೋದವರ ಮಾತು ಸಣ್ಣಗೆ ಕೇಳುತ್ತಿತ್ತು. ಅದಕ್ಕೆ ಡಬ್ಬಿಯನ್ನು ಅಡ್ಡ ತಿರುಗಿಸಿ ಇಡಬೇಕು. ಮಳೆಯ ತೇವಕ್ಕೆ ದನಿ ಸತ್ತುಹೋಗುತ್ತಿತ್ತು. ಅದಕ್ಕೆ ಕಾರ್ಯಕ್ರಮಕ್ಕಿಂತ ಬಹಳ ಮೊದಲೇ ಹಚ್ಚಿ ಬಿಸಿ ಮಾಡಬೇಕು. ಕಾಲಲ್ಲಿ ಒತ್ತುವ ಗುಂಡಿಯನ್ನು ಒತ್ತುವುದಲ್ಲ, ಸ್ವಲ್ಪ ಎಡಕ್ಕೆ ಜರುಗಿಸಿ ಒತ್ತಬೇಕು. ಅವ್ವಣ್ಣ ಅದಕ್ಕೆ ಗುಡುಗಪ್ಪ ಎಂದು ಹೆಸರಿಟ್ಟಿದ್ದ. "ಗುಡುಗಪ್ಪನ ಸಿಟ್ಟು ಇಳೀತೇನು?" ಎಂದು ಕೇಳಿಯೇ ಅವನು ಹಾಡಲು ನಿಲ್ಲುತ್ತಿದ್ದ. ನಮ್ಮದು ಒಂದೇ ಖೋಲಿಯ ಮನೆ. ನೀನು ಬಾರಿಸಿ ಅವನು ಸಣ್ಣ ದನಿಯಲ್ಲಿ ಹಾಡಿದರೆ, ಒಲೆಯ ಮುಂದೆ ಕುಳಿತ ನಿನ್ನ ಅವ್ವ ದೊಡ್ಡ ಗುಡಿಯೊಳಗೆ ಕುಳಿತವಳ ಹಾಗೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದಳು.

ಎಲ್ಲ ಹಟಗಳಲ್ಲಿ ದೊಡ್ಡದು ಆ ಗುಂಯ್ ಎನ್ನುವ ಸದ್ದು. ಅಂಪ್ಲಿಫಾಯರಿಗೆ ಜೋಡಿಸಿದ ಕೂಡಲೇ ಜೇನುಗೂಡು ಎದ್ದ ಹಾಗೆ ಅದು ಶುರುವಾಗುತ್ತಿತ್ತು. ನೀನು ಎಷ್ಟೋ ದಿನ ಅದರ ಬೆನ್ನು ಹತ್ತಿದ್ದೆ. ಕಡೆಗೆ ಒಂದು ಸಂಜೆ ಡಬ್ಬಿಯ ಕರೆಂಟಿನ ಪ್ಲಗ್ ಬಿಚ್ಚಿ, ಮೂರು ತಂತಿಗಳಲ್ಲಿ ಹಸಿರು ತಂತಿಯನ್ನು ಕತ್ತರಿಸಿ ಹಿಂದಕ್ಕೆ ಮಡಚಿಬಿಟ್ಟೆ. ಸದ್ದು ನಿಂತಿತು. ನೀವಿಬ್ಬರೂ ಅವತ್ತು ಹಬ್ಬ ಮಾಡಿದ ಹಾಗೆ ಮಾಡಿದಿರಿ. ಆ ತಂತಿ ಭೂಮಿಗೆ ಹೋಗುವ ತಂತಿ, ಕರೆಂಟು ದಾರಿ ತಪ್ಪಿದರೆ ಮನುಷ್ಯನನ್ನು ಬಿಟ್ಟು ಮಣ್ಣಿಗೆ ಇಳಿಯಲಿ ಎಂದು ಇಟ್ಟದ್ದು ಎಂಬುದು ನನಗೆ ತಿಳಿದದ್ದು ಕೋರ್ಟಿನಲ್ಲಿ. ನಿನಗೆ ಅದು ಗೊತ್ತಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಆಮೇಲಾಮೇಲೆ ಗಿಟಾರಿನ ತಂತಿ ಮುಟ್ಟಿದರೆ ಬೆರಳು ಝುಮ್ ಅನ್ನತೊಡಗಿತು. ಅದಕ್ಕೂ ನೀನು ಒಂದು ಉಪಾಯ ಮಾಡಿದೆ, ರಬ್ಬರ್ ಅಟ್ಟೆಯ ಬೂಟು. ಬೂಟು ಹಾಕದೆ ಗಿಟಾರ್ ಮುಟ್ಟಬೇಡ ಎಂದು ತಮ್ಮನಿಗೂ ಕಟ್ಟುನಿಟ್ಟಾಗಿ ಹೇಳಿದ್ದೆ. ಅದನ್ನು ನಾನೇ ಕೇಳಿದ್ದೇನೆ.

ಹೋದ ವರ್ಷ ಯೆರವಡೆ ಊರಿನ ಗಣಪತಿ ಮಂಟಪದ ಮುಂದೆ ನಾನೂ ಇದ್ದೆ. ಮಧ್ಯಾಹ್ನ ಮಳೆ ಬಿದ್ದು ನಿಂತಿತ್ತು, ಹಲಗೆಗಳು ಒದ್ದೆಯಾಗಿದ್ದವು. ನೀವಿಬ್ಬರೂ ಇದ್ದ ಕೃಷ್ಣಾಜಿಯವರ ಆರ್ಕೆಸ್ಟ್ರಾ ಎಂದರೆ ಜನ ಹೇಗೂ ಸೇರುತ್ತಾರೆ. ನಾನು ನಮ್ಮ ಕೆಲಸದವರನ್ನೆಲ್ಲ ಕರೆದುಕೊಂಡು ಹೋಗಿ, ಗಿಟಾರ್ ಬಾರಿಸುವವನು ದೊಡ್ಡವನು, ಹಾಡುವವನು ಸಣ್ಣವನು ಎಂದು ತೋರಿಸುತ್ತಿದ್ದೆ. ಅವ್ವಣ್ಣ ಚಪ್ಪಲಿ ಬಿಟ್ಟು ಹತ್ತಿದ್ದ. ಎದುರಿಗೆ ಗಣಪತಿ ಕೂತಿದ್ದಾನೆ, ದೇವರ ಮುಂದೆ ಚಪ್ಪಲಿ ಹಾಕಿ ಯಾರು ನಿಲ್ಲುತ್ತಾರೆ? ಅವನನ್ನು ಹಾಗೆ ಬೆಳೆಸಿದ್ದು ನಾವೇ. ಹಾಡು ಮುಗಿಯುವಾಗ ಅವನಿಗೆ ಒಂದು ಆಟ ಇತ್ತಲ್ಲ, ನಿನ್ನ ಹತ್ತಿರ ಬಂದು ಗಿಟಾರಿನ ತಂತಿಗಳ ಮೇಲೆ ತಾನೂ ಒಂದು ಸಲ ಕೈ ಎಳೆಯುವುದು. ಒಂದು ಕೈಯಲ್ಲಿ ಮೈಕು ಇತ್ತು. ಇನ್ನೊಂದು ಕೈ ನಿನ್ನ ತಂತಿಗಳ ಮೇಲೆ ಬಿತ್ತು. ಕೆಳಗೆ ಕುಳಿತವರಿಗೆ ಅವನು ನಿನ್ನನ್ನು ಅಪ್ಪಿಕೊಂಡ ಹಾಗೆ ಕಂಡಿತು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನೀನು ಗಿಟಾರನ್ನು ಕೊರಳಿಂದ ಕಿತ್ತು ಒಗೆದಾಗಲೇ ಅವನಿಗೆ ಕರೆಂಟು ಹೊಡೆದಿದೆ ಎಂದು ನನಗೆ ತಿಳಿದದ್ದು. ಇಷ್ಟೇ ಬರೆಯುತ್ತೇನೆ. ಕೋರ್ಟಿನಲ್ಲಿ ವಕೀಲರು ನಿನಗೆ ದಾರಿ ತೋರಿಸಿದ್ದರು. ತಂತಿ ತಾನಾಗಿ ಕಡಿದಿತ್ತು ಅಂತ ಹೇಳು, ಮಂಟಪದವರ ವಯರಿಂಗ್ ಸರಿ ಇರಲಿಲ್ಲ ಅಂತ ಹೇಳು ಎಂದರು. ನೀನು ಎದ್ದು ನಿಂತು "ನಾನೇ ಕತ್ತರಿಸಿದೆ," ಎಂದು ಮರಾಠಿಯಲ್ಲಿ ಹೇಳಿ ಕುಳಿತುಬಿಟ್ಟೆ. ಅಂದಿನಿಂದ ನಿನ್ನ ದನಿ ಕೇಳಿಲ್ಲ. ಜೈಲಿನ ಲೌಡ್‌ಸ್ಪೀಕರ್ ಕೆಟ್ಟಾಗ ರಿಪೇರಿ ಮಾಡು ಅಂದರೂ ನೀನು ವಯರ್ ಮುಟ್ಟಲಿಲ್ಲ ಎಂದು ಮಲಕಪ್ಪ ಹೇಳಿದ. ಒಳ್ಳೆಯದು, ಕೆಟ್ಟದ್ದು ಎಂದು ನಾನು ಹೇಳಲಾರೆ.

ಈಗ ಈ ವಾರದ ಸಂಗತಿ. ಶನಿವಾರ ಚೌತಿಯಾಯಿತು. ನಮ್ಮ ಮನೆಯಲ್ಲಿ ಏನೂ ಮಾಡಲಿಲ್ಲ. ರವಿವಾರ ಸಂಜೆ ಹೊತ್ತು ಮುಳುಗುವ ಮೊದಲು ನಿನ್ನ ಅವ್ವ ನೀರಿಗೆ ಹೋದವಳು ಕೊಡ ಇಟ್ಟು ದಾರಿಯಲ್ಲೇ ನಿಂತುಬಿಟ್ಟಳು. ತರಕಾರಿ ಮಾರ್ಕೆಟಿನ ಹಿಂದಿನ ಗಣಪತಿ ಮಂಟಪದಲ್ಲಿ ಯಾರೋ ಆರ್ಕೆಸ್ಟ್ರಾದವರು ಸಾಮಾನು ಜೋಡಿಸುತ್ತಿದ್ದರು. ನಾನು ಹಿಂದೆ ಇಟ್ಟಿಗೆಯ ಲೆಕ್ಕ ಮಾತಾಡುತ್ತ ಬರುತ್ತಿದ್ದೆ, ನನಗೆ ಏನೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಮೊದಲು ಆ ಗುಂಯ್, ಆಮೇಲೆ ಅದು ತಟ್ಟನೆ ನಿಂತದ್ದು. ಅದು ನಿಂತದ್ದಕ್ಕೇ ಅವಳು ಹೆದರಿದಳು. ನಾನು ಕೂಗುವಷ್ಟರಲ್ಲಿ ಜನರ ನಡುವೆ ತೂರಿಕೊಂಡು ಹೋಗಿ, ಸ್ಟೇಜಿನ ಪಕ್ಕದ ಬೋರ್ಡಿನಿಂದ ಕೈಗೆ ಸಿಕ್ಕ ಪ್ಲಗ್ಗುಗಳನ್ನೆಲ್ಲ ಎಳೆದು ಬಿಸಾಡಿದಳು. ದೀಪದ ಸರಗಳೂ ಆರಿಹೋದವು. ಮಂಡಳಿಯ ಹುಡುಗರು ಹುಚ್ಚಿ ಬಂದಳೆಂದು ಮೈಮೇಲೆ ಬಂದರು. "ಏ ಬಾಯಿ, ಕಾಯ್ ಕರತೇಸ್?" ಏನು ಮಾಡುತ್ತೀ, ಎಂದು ಒಬ್ಬ ಮರಾಠಿಯಲ್ಲಿ ಗದರಿಸಿ ಕೈ ಹಿಡಿದು ಎಳೆದ. ಅವಳು ಕನ್ನಡದಲ್ಲೇ "ಅದನ್ನ ಬಿಚ್ಚಿ ತೋರಸ್ರಿ, ಬಿಚ್ಚಿ ತೋರಸ್ರಿ," ಎನ್ನುತ್ತ ಗಿಟಾರಿನವನ ಕಾಲ ಬಳಿಯ ಡಬ್ಬಿಯನ್ನೇ ತೋರಿಸುತ್ತಿದ್ದಳು. ಗುರಣ್ಣ, ನಾನೂ ಆಗಲೇ ಅದನ್ನು ನೋಡಿದ್ದು. ಅದೇ ತಗಡು, ಅದೇ ಬೂದಿ ಬಣ್ಣ, ಕಾಲಲ್ಲಿ ಒತ್ತುವ ಅದೇ ಗುಂಡಿ. ಕೆಳಗೆ ಒಂದು ಹಳೆಯ ಚಾದರ ಮಡಚಿ ಹಾಕಿದ್ದರು.

ಗಿಟಾರಿನವನು ಕನ್ನಡದವನೇ, ಹೆಸರು ಜಟ್ಟೆಪ್ಪ, ಹಗಲು ಕಾರ್ಖಾನೆಯಲ್ಲಿ ಕೆಲಸ. ಅವನು ನನ್ನನ್ನು ಗುರುತು ಹಿಡಿದ. ಮೊದಲು ಅವನಿಗೂ ಸಿಟ್ಟು ಬಂದಿತ್ತು, ನನ್ನ ಮುಖ ನೋಡಿ ಸುಮ್ಮನಾದ. "ಕಾಕಾ, ಇದು ಗುರಣ್ಣಾನೇ ಮಾಡಿಕೊಟ್ಟದ್ದರಿ. ಗುಂಯ್ ಅಂದ್ರ ಹಸರ ತಂತಿ ತೆಗದುಬಿಡು, ಬೂಟು ಹಾಕ್ಕೊಂಡು ಬಾರಸು ಅಂತ ಅವನ ಹೇಳ್ಯಾನ್ರಿ. ನಾ ಹಂಗ ಮಾಡೀನಿ," ಅಂದ. ಹೋದ ವರ್ಷದ ಸಂಗತಿ ಅವನಿಗೆ ಗೊತ್ತಿತ್ತು. ಆದರೆ ಅದು ಮಳೆಯಿಂದ, ಮಂಟಪದ ಕೆಟ್ಟ ವಯರಿನಿಂದ ಆಯಿತು ಎಂದೇ ಊರಲ್ಲಿ ಎಲ್ಲರೂ ತಿಳಿದಿದ್ದಾರಂತೆ. ನೀನು ಕೋರ್ಟಿನಲ್ಲಿ ಹೇಳಿದ್ದು ಕೋರ್ಟಿನಲ್ಲೇ ಉಳಿದಿದೆ. ಜಟ್ಟೆಪ್ಪ ಪ್ಲಗ್ ಬಿಚ್ಚಿದ. ಹಸಿರು ತಂತಿ ಕತ್ತರಿಸಿ ಹಿಂದಕ್ಕೆ ಮಡಚಿತ್ತು, ನೀನು ಮಡಚಿದ ಹಾಗೆಯೇ. ನಿನ್ನ ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಹೋದ ವರ್ಷ ಕೋರ್ಟಿಗೆ ಅವಳು ಬಂದಿರಲಿಲ್ಲ, ತನ್ನ ಮಗನನ್ನು ತೆಗೆದುಕೊಂಡದ್ದು ಏನು ಎಂದು ಕಣ್ಣಿಂದ ನೋಡಿರಲಿಲ್ಲ. "ಇಷ್ಟ ಅದ ಏನು?" ಎಂದು ಕೇಳಿದಳು. ಜಟ್ಟೆಪ್ಪ ಹೌದೆಂದು ತಲೆ ಆಡಿಸಿದ. ಮಂಡಳಿಯ ಎಲೆಕ್ಟ್ರಿಶಿಯನ್ ಬಂದು ತಂತಿಯನ್ನು ಮತ್ತೆ ಜೋಡಿಸಿದ, ಗುಂಯ್ ಸದ್ದು ಮತ್ತೆ ಬಂತು. ಆ ಸದ್ದಿನಲ್ಲಿ ಬಾರಿಸಲು ಆಗುವುದಿಲ್ಲವೆಂದು ಜಟ್ಟೆಪ್ಪ ಡಬ್ಬಿಯನ್ನೇ ಬದಿಗಿಟ್ಟು ಬರೀ ಗಿಟಾರ್ ಬಾರಿಸಿದ. ಬೋಳು ಬೋಳಾಗಿ ಕೇಳುತ್ತಿತ್ತು. ಜನಕ್ಕೆ ಅಷ್ಟು ಹಿಡಿಸಲಿಲ್ಲ. ಆದರೆ ನಿನ್ನ ಅವ್ವ ಸ್ಟೇಜಿನ ಪಕ್ಕದಲ್ಲಿ ಕೊಡ ಮಗ್ಗುಲಿಗೆ ಇಟ್ಟುಕೊಂಡು ಮುಗಿಯುವ ತನಕ ಕುಳಿತಿದ್ದಳು. ಒಂದು ವರ್ಷದ ನಂತರ ಅವಳು ಹಾಡು ಕೇಳಿದ್ದು ಅವತ್ತೇ. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದಳು, "ಇಂಥಾವು ಎಷ್ಟು ಮಾಡಿಕೊಟ್ಟಾನ ಅವ?" ಅವ ಎಂದಳು. ನಿನ್ನ ಮಾತು ಅವಳ ಬಾಯಲ್ಲಿ ಬಂದದ್ದೂ ಅವತ್ತೇ.

ಅದನ್ನೇ ಕೇಳಲೆಂದು ಸೋಮವಾರ ಕೆಲಸ ಬಿಟ್ಟು ಕೃಷ್ಣಾಜಿಯವರ ಮನೆಗೆ ಹೋದೆ. ಆ ದಿನದಿಂದ ಅವರು ಆರ್ಕೆಸ್ಟ್ರಾ ಮುಚ್ಚಿದ್ದಾರೆ, ಮದುವೆಗಳಿಗೆ ಪೆಂಡಾಲ್ ಹಾಕಿಸುತ್ತಾರೆ. ನಿನ್ನನ್ನು ಕೇಳಿದರು. ನಿನ್ನ ಹೆಸರು ಹೇಳುವಾಗ ಅವರ ಕಣ್ಣು ತುಂಬಿತು, ಸಿಟ್ಟು ಇಲ್ಲ. ಡಬ್ಬಿ ಪಡೆದವರಲ್ಲಿ ಅವರಿಗೆ ನೆನಪಿದ್ದದ್ದು ಭೋರ ಊರಿನ ಒಬ್ಬರು ಮಾತ್ರ, ಅಲ್ಲಿಯ ಬಜಾರಿನ ಟೇಲರ್, ಹವ್ಯಾಸಕ್ಕೆ ಗಿಟಾರ್ ಬಾರಿಸುವವರು. ಉಳಿದವು ಯಾರ ಯಾರ ಹತ್ತಿರ ಹೋದವೋ, ಗುರಣ್ಣ ಅಂಗಡಿಯಲ್ಲೇ ಮಾಡಿ ಅಲ್ಲೇ ಕೊಡುತ್ತಿದ್ದ ಎಂದರು. ರೇಡಿಯೋ ಅಂಗಡಿಯವರನ್ನು ಕೇಳಿದರೆ ಹುಡುಗ ಬಿಡುವಿನಲ್ಲಿ ಏನು ಮಾಡುತ್ತಿದ್ದನೋ ನಮಗೇನು ಗೊತ್ತು ಅನ್ನುತ್ತಾರೆ. ನಿನ್ನೆ ಮಂಗಳವಾರ ನಾನೂ ನಿನ್ನ ಅವ್ವನೂ ಎಸ್‌ಟಿ ಬಸ್ಸು ಹಿಡಿದು ಭೋರಕ್ಕೆ ಹೋದೆವು. ಅವಳಿಗೆ ಬಸ್ಸು ಆಗಿಬರುವುದಿಲ್ಲ ಎಂದು ನಿನಗೆ ಗೊತ್ತು. ಘಾಟಿನ ತಿರುವುಗಳಲ್ಲಿ ಸೆರಗು ಬಾಯಿಗೆ ಒತ್ತಿ ಹಿಡಿದುಕೊಂಡೇ ಕುಳಿತಿದ್ದಳು, ತಿರುಗಿ ಹೋಗೋಣ ಎಂದು ಒಂದು ಸಲವೂ ಅನ್ನಲಿಲ್ಲ.

ಟೇಲರ್ ಮನೆಯಲ್ಲಿ ಇರಲಿಲ್ಲ, ಹಬ್ಬದ ಬಟ್ಟೆ ಕೊಡಲು ಹೋಗಿದ್ದರು. ಅವರ ಹೆಂಡತಿ ರಂಗೂಬಾಯಿ ಒಳಗೆ ಕರೆದು ನೀರು ಕೊಟ್ಟರು. ಗಿಟಾರು ಗೋಡೆಗೆ ತೂಗುತ್ತಿತ್ತು, ನಿನ್ನ ಡಬ್ಬಿ ಹೊಲಿಗೆ ಮಷೀನಿನ ಕೆಳಗೆ ಇತ್ತು. ಅದರ ಪಕ್ಕದಲ್ಲಿ ಒಂದು ಮರದ ಹಲಗೆ. ಅದೇನು ಎಂದು ನಾನು ಕೇಳಿದೆ. ಬಾರಿಸುವಾಗ ಮೈ ಝುಮ್ ಅನ್ನುತ್ತದೆ, ಅದಕ್ಕೆ ಯಜಮಾನರು ಈ ಹಲಗೆಯ ಮೇಲೆ ನಿಲ್ಲುತ್ತಾರೆ, ಮಕ್ಕಳು ಮುಟ್ಟಬಾರದೆಂದು ತಾನು ಬೈಯುತ್ತಿರುತ್ತೇನೆ ಎಂದು ನಗುತ್ತಲೇ ಹೇಳಿದರು. ಮಕ್ಕಳು ಅಂಗಳದಲ್ಲಿ ಬರಿಗಾಲಲ್ಲಿ ಆಡುತ್ತಿದ್ದರು. ನಾನು ಮರಾಠಿಯಲ್ಲಿ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಿನ್ನ ಅವ್ವ ಆ ಹೆಂಗಸಿನ ಕೈ ಹಿಡಿದುಕೊಂಡು ತನಗೆ ಬರುವ ಹರಕು ಮರಾಠಿಯಲ್ಲಿ ಹೇಳಿಬಿಟ್ಟಳು. "ಮಾಝಾ ಪೋರ್ ಮೇಲಾ, ಹ್ಯಾಚ್ಯಾನೇ ಮೇಲಾ." ನನ್ನ ಮಗ ಇದರಿಂದಲೇ ಸತ್ತ, ಎಂದು. ರಂಗೂಬಾಯಿ ಕೈ ಬಿಡಿಸಿಕೊಳ್ಳದೆ ಡಬ್ಬಿಯನ್ನೇ ನೋಡಿದರು. ಆಮೇಲೆ ಸಿಟ್ಟಿನಿಂದ, ಇಂಥದ್ದನ್ನು ಯಾವ ಪಾಪಿ ಮಾಡಿದ, ಯಾರು ಅವನು ಎಂದು ಕೇಳಿದರು. ನಾನು ನೆಲ ನೋಡಿದೆ. ನಿನ್ನ ಅವ್ವ ಅಂದಳು, "ಮಾಝ್ಯಾಚ್ ಪೋರಾನೇ." ನನ್ನ ಮಗನೇ ಮಾಡಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವನು ಪಾಪಿ ಅಲ್ಲ ಬಾಯಿ, ದನಿ ಚಂದ ಬರಲಿ ಎಂದು ಮಾಡಿದ, ತಮ್ಮನ ಹಾಡು ಚಂದ ಕೇಳಲಿ ಎಂದು ಮಾಡಿದ ಎಂದು ಕನ್ನಡ ಮರಾಠಿ ಕೂಡಿಸಿ ಹೇಳುತ್ತ ಅತ್ತಳು. ಅವ್ವಣ್ಣ ಹೋದಾಗ ಅವಳು ಚೀರಿದ್ದಳು, ನೆಲಕ್ಕೆ ತಲೆ ಬಡಿದುಕೊಂಡಿದ್ದಳು. ಹೀಗೆ ಕುಳಿತು ಅತ್ತಿರಲಿಲ್ಲ. ರಂಗೂಬಾಯಿಯೂ ಅತ್ತರು. ಯಜಮಾನರು ಬಂದ ಮೇಲೆ ನಾನು ವಿಷಯ ತಿಳಿಸಿದೆ. ಅವರು ಕತ್ತರಿ ತಂದು ಡಬ್ಬಿಯ ವಯರನ್ನು ಬುಡದಲ್ಲೇ ಕತ್ತರಿಸಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಈಗ ಅದು ನಮ್ಮ ಮನೆಯ ಅಟ್ಟದ ಮೇಲೆ ಇದೆ. ಊಟ ಮಾಡಿಯೇ ಹೋಗಬೇಕೆಂದು ರಂಗೂಬಾಯಿ ಹಟ ಹಿಡಿದು ಭಾಕರಿ, ಹೆಸರುಕಾಳಿನ ಉಸಳಿ ಬಡಿಸಿದರು. ನಿನ್ನ ಅವ್ವ ಹೊಟ್ಟೆ ತುಂಬ ಉಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡಿದ್ದೆ. "ಅವನ ಮ್ಯಾಲಿನ ಸಿಟ್ಟು ನಂದು ಹೋಗಿಲ್ಲ," ಅಂದಳು. ಹೂಂ ಅಂದೆ. "ಹೋಗೂದಿಲ್ಲ ಅನಸ್ತದ," ಅಂದಳು. ಅದಕ್ಕೂ ಹೂಂ ಅಂದೆ. ಸ್ವಲ್ಪ ದೂರ ಬಂದ ಮೇಲೆ, "ಆದ್ರ ಅವ ಅಲ್ಲಿ ಏನು ಉಣ್ತಾನ, ಯಾರ ಮಗ್ಗಲ ಮಲಗ್ತಾನ, ಒಂದೂ ನನಗ ಗೊತ್ತಿಲ್ಲಲ್ಲ," ಅಂದಳು. ನಾನು ಮಲಕಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ನೀನು ಮಗ್ಗದ ಮೇಲೆ ಕೆಲಸ ಮಾಡುತ್ತೀ ಎಂದು ಕೇಳಿ, ಅವನ ಕೈ ಸೂಕ್ಷ್ಮ ಕೆಲಸದ ಕೈ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಇದರಲ್ಲಿ ನಾನು ಒಂದಕ್ಷರವನ್ನೂ ಕೂಡಿಸಿಲ್ಲ, ಕಳೆದೂ ಇಲ್ಲ. ನೀನು ಏನು ಅರ್ಥ ಮಾಡಿಕೊಳ್ಳುತ್ತೀಯೋ ಮಾಡಿಕೋ.

ನನ್ನದು ಒಂದು ಮಾತು ಇದೆ. ನೀನು ಕೋರ್ಟಿನಲ್ಲಿ ನಿಜ ಹೇಳಿದ್ದಕ್ಕೆ ವಕೀಲರು ನಿನ್ನನ್ನು ದಡ್ಡ ಎಂದರು. ಓಣಿಯವರೂ ಅಂದರು. ನಾನು ಅವತ್ತು ನಿನಗೆ ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಒಂದು ಗೋಡೆ ಓರೆಯಾಗಿ ಎದ್ದರೆ ಅದು ಓರೆ ಎಂದು ಹೇಳುವ ಗೌಂಡಿ ನನಗೆ ಬೇಕು. ನೀನು ನನ್ನ ಮಗ. ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಮಣ್ಣಿಗೆ ಕೊಟ್ಟೆ, ಇನ್ನೊಬ್ಬನನ್ನು ಮೌನಕ್ಕೆ ಕೊಡಲು ನನ್ನಿಂದ ಆಗುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಎದೆಯ ಮೇಲೆ ಬಟ್ಟೆ ಹೊದ್ದು ಮಲಗು, ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಜಟ್ಟೆಪ್ಪನೂ ಕೃಷ್ಣಾಜಿಯವರೂ ನಿನ್ನನ್ನು ಕೇಳಿದ್ದಾರೆ. ನಮ್ಮ ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಶಂಕ್ರೆಪ್ಪ

ತಾ.ಕ.: ಕಾಗದ ಮಡಚುವಾಗ ನಿನ್ನ ಅವ್ವ ತಡೆದು, ಮುಖ್ಯವಾದದ್ದನ್ನೇ ಬರೆದಿಲ್ಲ ಎಂದಳು. ಗಣಪತಿ ಕಳಿಸುವುದು ಮುಂದಿನ ವಾರ. ಅಲ್ಲಿಯ ತನಕ ಊರ ತುಂಬ ದಿನಾ ಆರ್ಕೆಸ್ಟ್ರಾ ಇದೆ, ಮಳೆಯೂ ಇದೆ. ನೀನು ಇನ್ನೂ ಯಾರ ಯಾರಿಗೆ ಡಬ್ಬಿ ಮಾಡಿಕೊಟ್ಟಿದ್ದೀಯೋ ನಿನ್ನೊಬ್ಬನಿಗೇ ಗೊತ್ತು. ಆ ಹೆಸರುಗಳು ಬೇಕು. ಬರೆದು ಕಳಿಸಿದರೆ ತಡವಾಗುತ್ತದೆ. ಶನಿವಾರ ಭೇಟಿಯ ಕಿಟಕಿಗೆ ಬಾ. ನಾನು ಬರುವುದಿಲ್ಲ, ನಿನ್ನ ಅವ್ವ ಬರುತ್ತಾಳೆ, ಒಬ್ಬಳೇ ಹೋಗುತ್ತೇನೆ ಎಂದಿದ್ದಾಳೆ. ಅವಳಿಗೆ ಓದು ಬರಹ ಇಲ್ಲ, ಮರಾಠಿ ಹೆಸರುಗಳು ನಾಲಿಗೆಗೆ ಹತ್ತುವುದಿಲ್ಲ, ಬಾಯಿಪಾಠ ಮಾಡಿಕೊಂಡು ಬರಬೇಕು. ನಿಧಾನವಾಗಿ, ಒಂದೊಂದೇ ಹೇಳು.